ನಾವು ಐದು ಚುಕ್ಕಿ ಕೊಟ್ಟ ಮ್ಯಾಡಂ

ಅವರು ನನ್ನ ಶೆಡ್ಡಿಗೆ ಮೊದಲ ಸಲ ಬಂದಾಗ ಕುರ್ಚಿಯ ಮೇಲೆ ಕೂಡಲಿಲ್ಲ. ಕಂಪನಿಯಿಂದ ಯಾರಾದರೂ ಬರುತ್ತಾರೆಂದರೆ ನಾವು ಸಾಂಗಲಿ ಪಕ್ಕದ ಕುಪವಾಡದ ಸಣ್ಣ ವರ್ಕ್‌ಶಾಪಿನವರು ಕುರ್ಚಿ ಒರೆಸಿ, ಫ್ಯಾನಿನ ಮುಖ ಅದರ ಕಡೆ ತಿರುಗಿಸಿ, ಚಹಾಕ್ಕೆ ಹೇಳಿ ಇಟ್ಟಿರುತ್ತೇವೆ. ಬಂದವರು ಕೂಡುತ್ತಾರೆ, ಚಹಾ ಕುಡಿಯುತ್ತಾರೆ, ಬೈದು ಹೋಗುತ್ತಾರೆ. ಇವರು ಇನ್ನೂ ಹೊರಗೇ ನಿಂತು ಬಾಗಿಲ ಮೇಲಿನ ಬೋರ್ಡು ಓದುತ್ತಿದ್ದರು. ಅಲ್ಲಿ ನನ್ನ ಹೆಸರಿನ ಮುಂದೆ ‘ಬಿ.ಇ. ಮೆಕ್ಯಾನಿಕಲ್’ ಎಂದು ಬರೆಸಿದ್ದೆ.

“ಇದೇನ್ರಿ, ವರ್ಕ್‌ಶಾಪಿನ ಹೆಸರಿಗಿಂತ ಡಿಗ್ರೀನ ದೊಡ್ಡದಾಗೇತಿ,” ಅಂದರು.

“ದೊಡ್ಡದು ಬರಿ ಅಂತನ ಹೇಳಿ ಬರಸೇನ್ರಿ,” ಅಂದೆ. ನಾನೂ ಬಿಡಲಿಲ್ಲ.

ನಮ್ಮಪ್ಪ ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಷಿಣದ ಚೀಲ ಹೊರುತ್ತಿದ್ದ ಹಮಾಲ. ಸಂಜೆ ಮನೆಗೆ ಬಂದರೆ ಅವನ ಕಿವಿಯ ಹಿಂದೆಲ್ಲ ಹಳದಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಹಗಲು ಬೇರೆಯವರ ಲೇಥಿನ ಮುಂದೆ ನಿಂತು, ಸಂಜೆ ಕ್ಲಾಸಿಗೆ ಹೋಗಿ ಪದವಿ ಪಡೆದವನು. ಆ ಅಕ್ಷರಗಳನ್ನು ಸಣ್ಣದಾಗಿ ಬರೆಸುವ ಮನುಷ್ಯ ನಾನಲ್ಲ. ಇದನ್ನೆಲ್ಲ ಅವರಿಗೆ ಅಲ್ಲೇ ಬಾಗಿಲಲ್ಲಿ ಹೇಳಿದೆ. ಅವರು ನಗಲಿಲ್ಲ. “ಹಂಗಾದ್ರ ಬೋರ್ಡು ಸಣ್ಣದ ಆತು,” ಎಂದು ಒಳಗೆ ಬಂದು, ನಡೆಯುತ್ತಿದ್ದ ಮಷೀನಿನ ಪಕ್ಕ ನಿಂತು ಕೆಲಸ ನೋಡತೊಡಗಿದರು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೇನೂ ತೊಂದರೆಯಾಗಲಿಕ್ಕಿಲ್ಲ, ಆದರೆ ಆ ಹೆಸರು ನನ್ನ ಕೈಯಿಂದ ಬರೆಯಲು ನನಗೇ ಧೈರ್ಯವಿಲ್ಲ. ನಾವೆಲ್ಲ ಮ್ಯಾಡಂ ಅನ್ನುತ್ತಿದ್ದೆವು. ನೀರೆತ್ತುವ ಪಂಪು ತಯಾರಿಸುವ ಒಂದು ದೊಡ್ಡ ಕಂಪನಿಯಲ್ಲಿ, ನಮ್ಮಂಥ ಪೂರೈಕೆದಾರರನ್ನು ನೋಡಿಕೊಳ್ಳುವ ಅಧಿಕಾರಿ. ನಲವತ್ತು ದಾಟಿದ್ದರು. ಕಾಟನ್ ಸೀರೆ, ಹೆಗಲಿಗೊಂದು ಖಾದಿ ಚೀಲ, ಒಂದು ಹಳೆಯ ಸ್ಕೂಟಿ. ಲಿಂಗನೂರಿನ ಒಕ್ಕಲು ಮನೆತನದ ಜೈನರು. ಕಂಪನಿಯೊಳಗೆ ಅವರ ಬಾಯಲ್ಲಿ ಮರಾಠಿಯೇ. ನಾನು ನನ್ನ ಹೆಂಡತಿಯ ಜೊತೆ ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿದ ಮೇಲೆ ನನ್ನೊಡನೆ ಮರಾಠಿ ಬಿಟ್ಟರು.

ಅವರಿಗೊಂದು ರೂಢಿಯಿತ್ತು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಹಾಗಾಗಿ ಸಂಜೆ ಯಾವ ಶೆಡ್ಡಿನಲ್ಲಿರುತ್ತಾರೋ ಅಲ್ಲೇ ಒಂದು ಪೆಟ್ಟಿಗೆ ಬೋರಲು ಹಾಕಿ ಕೂತು ಡಬ್ಬಿ ಬಿಚ್ಚುತ್ತಿದ್ದರು. ಚಪಾತಿ, ಹೆಸರುಕಾಳು, ಒಂದಿಷ್ಟು ಶೇಂಗಾ ಚಟ್ನಿ. ಉಳ್ಳಾಗಡ್ಡಿ, ಬಟಾಟೆಯ ಮಾತಿಲ್ಲ. ಎಣ್ಣೆಗೈಯ ನಮ್ಮ ಆಳುಗಳಿಗೂ ಮುರಿದು ಕೊಡುತ್ತಿದ್ದರು. ಕಂಪನಿಯ ಅಧಿಕಾರಿಯೊಬ್ಬರು ನಮ್ಮ ಶೆಡ್ಡಿನಲ್ಲಿ ಊಟ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಉಳಿದ ಅಧಿಕಾರಿಗಳು ನಮ್ಮ ಚಹಾದ ಕಪ್ಪನ್ನೇ ಎರಡು ಬೆರಳಲ್ಲಿ ಹಿಡಿಯುತ್ತಿದ್ದರು.

ಅಂಥ ಒಂದು ಸಂಜೆ ಡಬ್ಬಿಯ ಮುಂದೆ ಕೂತು ನಾನು ಹೊಟ್ಟೆಯಲ್ಲಿದ್ದುದನ್ನೆಲ್ಲ ಅವರ ಮುಂದೆ ಸುರುವಿದೆ.

ನಮ್ಮ ಸಂಕಟ ಒಂದೇ. ಕಂಪನಿ ನಮಗೊಂದು ಡ್ರಾಯಿಂಗ್ ಕೊಡುತ್ತದೆ. ಆ ಅಳತೆಗೆ ನಾವು ಭಾಗ ಮಾಡುತ್ತೇವೆ. ನಡುವೆ ಕಂಪನಿಯ ಡ್ರಾಯಿಂಗ್ ವಿಭಾಗದವರು ಒಂದು ತೂತನ್ನು ಅತ್ತ ಸರಿಸುತ್ತಾರೆ, ಒಂದು ಅಂಚನ್ನು ಇತ್ತ ತಗ್ಗಿಸುತ್ತಾರೆ. ನಮಗೆ ತಿಳಿಸುವುದನ್ನು ಮರೆಯುತ್ತಾರೆ. ತಿಳಿಸಿದರೂ ಯಾರೋ ಒಬ್ಬ ಫೋನಿನಲ್ಲಿ ಅವಸರದಲ್ಲಿ ಹೇಳುತ್ತಾನೆ. ಮಾಲು ತುಂಬಿಕೊಂಡು ಹೋದರೆ ಗೇಟಿನಲ್ಲಿ, ಇದು ಹಳೇ ಡ್ರಾಯಿಂಗಿನದು, ವಾಪಸ್ ಒಯ್ಯಿರಿ ಅನ್ನುತ್ತಾರೆ. ತಪ್ಪು ಅವರದು, ಗುಜರಿಗೆ ಹೋಗುವ ಮಾಲು ನಮ್ಮದು.

“ಹೊಸ ಅಳತಿ ನಾವೇನ್ ಕನಸಿನಾಗ ನೋಡಬೇಕೇನ್ರಿ?” ಅಂದೆ. “ನನಗ ಡ್ರಾಯಿಂಗ್ ಓದಾಕ ಬರ್ತೈತಿ. ಕೊಟ್ರ ಓದ್ತೇನಿ. ಕೊಡದನ ಇರೂದನ್ನ ಹೆಂಗ ಓದ್ಲಿ?”

ಅವರು ಚಪಾತಿ ಕೈಯಲ್ಲೇ ಹಿಡಿದು ಪೂರ್ತಿ ಕೇಳಿದರು. ಆಮೇಲೆ, ತಮ್ಮ ಅಣ್ಣನಿಗೂ ಹಿಂದೆ ಇಂಥದೇ ಒಂದು ವರ್ಕ್‌ಶಾಪು ಇತ್ತೆಂದು ಹೇಳಿದರು. ಒಂದು ದೊಡ್ಡ ಆರ್ಡರು ಇದೇ ಕಾರಣಕ್ಕೆ ವಾಪಸ್ ಬಂದು, ಬಾಗಿಲು ಹಾಕಿಕೊಂಡು ಊರಿಗೆ ಹೋದನಂತೆ.

“ಈಗ ಹೊಲಾ ನೋಡ್ಕೋತ ಅದಾನ್ರಿ. ಆರಾಮ ಅದಾನ. ಆದ್ರ ವರ್ಕ್‌ಶಾಪಿನ ಸುದ್ದಿ ತಗದ್ರ ಎದ್ದು ಹೊರಗ ಹೋಗ್ತಾನ.” ಡಬ್ಬಿ ಮುಚ್ಚಿದರು. “ನಾ ಈ ನೌಕರಿಯೊಳಗ ಒಂದ ಕೆಲಸಾ ಮಾಡಿ ಹೋಗಬೇಕಂತ ಮಾಡೇನಿ. ಹೊಸ ಡ್ರಾಯಿಂಗ್ ನಿಮ್ಮ ಕೈಗೆ ಮುಟ್ಟೂತನಾ ಹಳೇದ ಖರೆ. ಮುಟ್ಟೋಕಿಂತ ಮೊದ್ಲ ಮಾಡಿದ ಮಾಲು ವಾಪಸ್ ಕಳಸಾಂಗಿಲ್ಲ. ಇಷ್ಟ ನಿಯಮ.”

ಅದಕ್ಕಾಗಿಯೇ ಅವರು ಫೋನಿನ ಆ್ಯಪ್ ಮಾಡಿಸಿದರು. ಅದರಲ್ಲಿ ಡ್ರಾಯಿಂಗು ನೇರವಾಗಿ ನಮ್ಮ ಫೋನಿಗೆ ಬರುವುದು, ಬದಲಾದ ಜಾಗ ಕೆಂಪಾಗಿ ಕಾಣುವುದು, ನಾವು ‘ಮುಟ್ಟಿತು’ ಎಂದು ಒತ್ತಿದ ಮೇಲೆಯೇ ಅದು ಜಾರಿಗೆ ಬರುವುದು. ಎಲ್ಲ ತಯಾರಿತ್ತು. ಆದರೆ ಡ್ರಾಯಿಂಗ್ ವಿಭಾಗದವರು ಒಪ್ಪಬೇಕಲ್ಲ? ಅವರಿಗೆ ಇದು ಬೇಡದ ಕಟ್ಟು. ಪ್ಲಾಂಟಿನ ಮುಖ್ಯಸ್ಥರಾದ ಸಾಹೇಬರು ಒಂದು ಷರತ್ತು ಹಾಕಿದರಂತೆ. ಪೂರೈಕೆದಾರರಿಗೆ ನಿಜಕ್ಕೂ ತೊಂದರೆಯಿದೆ ಎಂದು ಅವರ ಬಾಯಿಂದಲೇ ತೋರಿಸಿ, ನಿಯಮ ಮಾಡೋಣ. ತೊಂದರೆ ಇಲ್ಲವೆಂದಾದರೆ ಈ ಆ್ಯಪಿನ ಭಾಗವೂ ಬೇಡ, ಮ್ಯಾಡಂ ನಡೆಸುವ ಈ ಪ್ರತ್ಯೇಕ ವಿಭಾಗವೂ ಬೇಡ.

ಹಾಗಾಗಿ ಆ್ಯಪಿಗೆ ಎರಡು ಮುಖ ಬಂತು. ಒಂದರಲ್ಲಿ ಕಂಪನಿ ನಮಗೆ ಅಂಕ ಕೊಡುವುದು: ಮಾಲು ಹೇಗಿತ್ತು, ಹೇಳಿದ ಹೊತ್ತಿಗೆ ಬಂತೇ ಎಂದು. ಇನ್ನೊಂದರಲ್ಲಿ ನಾವು ಕಂಪನಿಗೆ ಕೊಡುವುದು: ಡ್ರಾಯಿಂಗ್ ಸಮಯಕ್ಕೆ ಮುಟ್ಟಿತೇ, ಗೇಟಿನಲ್ಲಿ ಹೇಗೆ ನಡೆಸಿಕೊಂಡರು, ನಿಮ್ಮ ಮಾತು ಕೇಳಿದರೇ ಎಂದು. ಪ್ರತಿ ಪ್ರಶ್ನೆಗೆ ಐದು ಚುಕ್ಕಿ. ಕೆಟ್ಟದಾಗಿದ್ದರೆ ಒಂದು ಒತ್ತಬೇಕು, ಚೆನ್ನಾಗಿದ್ದರೆ ಐದು. ಯಾರು ಎಷ್ಟು ಒತ್ತಿದರೆಂದು ಕಾಣುವುದಿಲ್ಲ, ತನಗೂ ಕಾಣುವುದಿಲ್ಲ ಎಂದು ಮ್ಯಾಡಂ ಎಲ್ಲರಿಗೂ ಹೇಳಿದ್ದರು.

ಫೋನು ತಿಳಿಯದ ಹಿರಿಯರ ಹತ್ತಿರ ತಾವೇ ಹೋಗುತ್ತಿದ್ದರು. ಅವರಲ್ಲಿ ಒಬ್ಬರು ನಮ್ಮ ಪೆಟ್ಟಿಗೆ ಕಾಕಾ. ಮಿರಜಿನ ಹಳೆಯ ಲಿಂಗಾಯತ ವ್ಯಾಪಾರಿ ಮನೆತನದವರು, ಪಂಪು ತುಂಬಿ ಕಳಿಸುವ ಕಟ್ಟಿಗೆಯ ಪೆಟ್ಟಿಗೆ ಮಾಡಿಸಿ ಕೊಡುತ್ತಾರೆ. ಪೆಟ್ಟಿಗೆಯ ಅಳತೆಯೂ ಡ್ರಾಯಿಂಗಿನ ಪ್ರಕಾರವೇ. ಅವರ ಮಾಲೂ ನನ್ನದರಷ್ಟೇ ಸಲ ವಾಪಸ್ ಬಂದಿತ್ತು. ಮ್ಯಾಡಂ ಅವರ ಹತ್ತಿರ ಬಂದ ದಿನ ನಾನೂ ತುಂಡುಗಳಿಗೆಂದು ಕಾಕಾನ ಕಟ್ಟಿಗೆ ಅಡ್ಡೆಯಲ್ಲಿದ್ದೆ. ಮ್ಯಾಡಂ ಫೋನು ತೆಗೆದು ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಹೇಳಿ, ಕಾಕಾನ ಕೈಗೆ ಕೊಟ್ಟರು.

“ನೀನ ಒತ್ತವಾ ತಂಗಿ, ನಿನಗ ಎಷ್ಟ ಬೇಕೋ ಅಷ್ಟ,” ಅಂದರು ಕಾಕಾ.

“ನಾ ಒತ್ತಿದ್ರ ಅದು ನಿಮ್ಮ ಮಾತ ಹೆಂಗಾತ್ರಿ ಕಾಕಾ? ನಿಮ್ಮ ಮನಸಿನಾಗ ಇದ್ದದ್ದ ಒತ್ರಿ. ಬೈಬೇಕ ಅನಸಿದ್ರ ಬೈರಿ. ನಾ ನೋಡಂಗಿಲ್ಲ.”

ಹಾಗೆಂದು ಅವರು ನಮಗೆ ಬೆನ್ನು ಮಾಡಿ ರಸ್ತೆಯ ಕಡೆ ತಿರುಗಿ ನಿಂತರು. ಎಲ್ಲರ ಹತ್ತಿರವೂ ಅವರು ಹೀಗೇ ಮಾಡುತ್ತಿದ್ದರು. ಮದುವೆಯ ಮನೆಯಲ್ಲಿ ಯಾರೋ ಸೀರೆಯ ಸೆರಗು ಸರಿಪಡಿಸಿಕೊಳ್ಳುವಾಗ ಪಕ್ಕದವರು ತಿರುಗುವಂತೆ, ಅಷ್ಟು ಸಹಜವಾಗಿ. ಚೀಲ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿಬರುವ ಟೆಂಪೋಗಳನ್ನು ನೋಡುತ್ತಿದ್ದರು.

ಕಾಕಾ ನನಗೆ ಕಣ್ಣು ಹೊಡೆದರು. ಬಲಗೈಯ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡು, ಪ್ರತಿ ಪ್ರಶ್ನೆಗೂ ಐದನೆಯ ಚುಕ್ಕಿಯನ್ನು ಠಸ್ಸೆ ಹಾಕಿದಂತೆ ಒತ್ತಿದರು. ‘ಡ್ರಾಯಿಂಗ್ ಸಮಯಕ್ಕೆ ಮುಟ್ಟಿತೇ?’ ಎಂಬುದಕ್ಕೂ ಐದು. ಮ್ಯಾಡಂ ಫೋನು ಇಸಿದುಕೊಂಡು, ಅದನ್ನು ನೋಡದೆಯೇ ಚೀಲದಲ್ಲಿಟ್ಟು, ಸ್ಕೂಟಿ ಹತ್ತಿ ಹೋದರು.

“ಏನ್ರಿ ಕಾಕಾ, ಹೋದ ವಾರ ತಾನ ನಿಮ್ಮ ಪೆಟಗಿ ವಾಪಸ್ ಬಂದ್ವಲ್ಲ?” ಅಂದೆ.

“ಬಂದ್ವು, ಇಲ್ಲ ಅಂದ್ನೇನು? ಅದು ಬ್ಯಾರೆ, ಇದು ಬ್ಯಾರೆ. ಹೆಣ್ಮಗಳು ಬಿಸಲಾಗ ತಿರಗತೈತಿ ಪಾಪ. ನಾವು ಕಡಿಮಿ ಒತ್ತಿದ್ರ ಮ್ಯಾಲಿನವರು ಅಕಿನ್ನ ಹಿಡಕೋತಾರ, ನೀ ಏನ್ ಕೆಲಸಾ ಮಾಡೀದಿ, ಮಂದಿ ಒಂದ ಚುಕ್ಕಿ ಕೊಟ್ಟಾರ ಅಂತ. ನಾ ನಮ್ಮ ಎಲ್ಲಾರಿಗೂ ಹೇಳೇನಿ, ಐದಕ ಐದ ಹಾಕ್ರಿ, ಅಕೀ ಮಾನ ಉಳೀಬೇಕು ಅಂತ.”

ಆ ಚುಕ್ಕಿ ಮ್ಯಾಡಂಗೆ ಕೊಡುವುದಲ್ಲ, ಕಂಪನಿಗೆ ಕೊಡುವುದು. ಕಡಿಮೆ ಬಿದ್ದರೇ ಅವರ ಕೆಲಸ ಉಳಿಯುವುದು. ಇದನ್ನು ಕಾಕಾಗೆ ತಿಳಿಸಿ ಹೇಳಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕಿತ್ತು. ಆ ಅಡ್ಡೆಯಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ. ಸಾಹೇಬರ ಷರತ್ತನ್ನು ಮ್ಯಾಡಂ ಮಾತಿನ ನಡುವೆ ನನಗೊಬ್ಬನಿಗೇ ಹೇಳಿದ್ದರು; ಉಳಿದವರಿಗೆ ಹೇಳಿದರೆ ಕಡಿಮೆ ಒತ್ತಿರೆಂದು ಕೇಳಿದಂತಾಗುತ್ತಿತ್ತು. ನಾನು ಹೇಳಲಿಲ್ಲ. ಯಾಕೆಂದರೆ ಅದಕ್ಕೆ ಎರಡು ದಿನ ಮೊದಲು ನನ್ನ ಸ್ವಂತ ಫೋನಿನಲ್ಲಿ ನಾನೂ ಐದೇ ಒತ್ತಿದ್ದೆ.

ಕಾಕಾ ಒತ್ತಿದ್ದು ಪ್ರೀತಿಯಿಂದ. ನಾನು ಒತ್ತಿದ್ದು ಹೆದರಿ. ಹೆಸರು ಕಾಣುವುದಿಲ್ಲ ಎಂದು ಅವರು ಹೇಳಿದ್ದನ್ನು ನಾನು ನಂಬಲಿಲ್ಲ. ಕಂಪ್ಯೂಟರಿನ ವಿಷಯ ನನಗೆ ತುಸು ಗೊತ್ತು. ಹೆಸರು ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ ಎಂದು ಸಂಶಯ ಪಡುವಷ್ಟು ಗೊತ್ತು. ಸಾಹೇಬರು ಒಂದು ದಿನ ಅದನ್ನು ತೆಗೆಸಿ ನೋಡಿದರೆ? ಒಂದು ಚುಕ್ಕಿಯ ಮೇಲೆ ಬೆರಳು ಇಟ್ಟಿದ್ದೆ. ತೆಗೆದೆ. ಹೊಸ ಮಷೀನಿನ ಕಂತು, ಮಕ್ಕಳ ಶಾಲೆ, ಎಲ್ಲ ನೆನಪಾಯಿತು. ಕಾಲೇಜಿನಲ್ಲಿ ಕಲಿತ ವಿದ್ಯೆ ನನಗೆ ಆ ಹೊತ್ತಿನಲ್ಲಿ ಇಷ್ಟಕ್ಕೆ ಉಪಯೋಗವಾಯಿತು: ಉಳಿದವರಿಗೆ ಹೊಳೆಯದ ಒಂದು ಭಯ ನನಗೆ ಹೊಳೆಯಿತು.

ಮುಂದೆ ಸಾಹೇಬರು ಎಲ್ಲ ಪೂರೈಕೆದಾರರನ್ನು ಕಂಪನಿಗೆ ಕರೆಸಿದರು. ಹವಾನಿಯಂತ್ರಿತ ಸಭಾಂಗಣ, ಮೇಜಿನ ಮೇಲೆ ನೀರಿನ ಬಾಟಲಿ, ಬಿಸ್ಕಿಟ್ಟು. ಕಾಕಾ ಹೊಸ ಟೋಪಿ ಹಾಕಿಕೊಂಡು ಬಂದಿದ್ದರು. ಗೋಡೆಯ ಪರದೆಯ ಮೇಲೆ ನಮ್ಮ ಚುಕ್ಕಿಗಳು ಮೂಡಿದವು. ಹಳದಿ ಚುಕ್ಕಿಗಳೇ, ಒಂದೂ ಖಾಲಿ ಇಲ್ಲ. ಡ್ರಾಯಿಂಗ್ ವಿಭಾಗದವರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಮ್ಯಾಡಂ ಪರದೆಯ ಪಕ್ಕ ನಿಂತಿದ್ದರು. ಅವರಿಗೆ ಮೊದಲೇ ಗೊತ್ತಾಗಿರಬೇಕು. ಆದರೂ ಮುಖ ನೋಡಿದರೆ, ಯಾರಾದರೂ ಒಬ್ಬರು ಬಾಯಿಬಿಟ್ಟಾರೆಂದು ಕಾಯುತ್ತಿದ್ದಂತಿತ್ತು.

ಸಾಹೇಬರು ಕೆಟ್ಟವರಲ್ಲ. ನಗುತ್ತ ಮರಾಠಿಯಲ್ಲಿ ಅಂದರು, “ಮ್ಯಾಡಂ, ನಮ್ಮ ಜನ ಇಷ್ಟು ಸುಖವಾಗಿದ್ದಾರೆ. ನೀವು ಇಲ್ಲದ ಜ್ವರಕ್ಕೆ ಔಷಧ ಹುಡುಕುತ್ತಿದ್ದೀರಿ.” ಆಮೇಲೆ ನಮ್ಮ ಕಡೆ ತಿರುಗಿದರು. ಡ್ರಾಯಿಂಗಿನ ವಿಷಯದಲ್ಲಿ ಯಾರಿಗಾದರೂ ತೊಂದರೆ ಇದ್ದರೆ ಈಗಲೂ ಹೇಳಿ, ನಾನು ಕೇಳುತ್ತೇನೆ ಅಂದರು.

ಎಲ್ಲರೂ ಬಿಸ್ಕಿಟ್ಟಿಗೆ ಕೈ ಹಾಕಿದರು. ಬಿಸ್ಕಿಟ್ಟಿನ ಕಾಗದದ ಸಪ್ಪಳ ಕೇಳುತ್ತಿತ್ತು. ಮ್ಯಾಡಂ ನನ್ನ ಕಡೆ ನೋಡಿದರು. ಬೇಡುವ ನೋಟವಲ್ಲ. ಕ್ಲಾಸಿನಲ್ಲಿ ಉತ್ತರ ಬರುವ ಹುಡುಗನ ಕಡೆ ಮಾಸ್ತರರು ನೋಡುತ್ತಾರಲ್ಲ, ಹಾಗೆ. ಅವರ ಕಣ್ಣು ಹೋದಲ್ಲಿಗೆ ಸಾಹೇಬರ ಕಣ್ಣೂ ಬಂತು. “ನೀವು ಇಂಜಿನಿಯರ್ ಅಲ್ಲವೇ? ನೀವು ಹೇಳಿ,” ಅಂದರು.

ನಾನು ಎದ್ದು ನಿಂತೆ. ನಿಲ್ಲಬೇಕಾಗಿರಲಿಲ್ಲ, ಕೂತೇ ಹೇಳಬಹುದಿತ್ತು.

“ನಾಹೀ ಸಾಹೇಬ. ಸಗಳ ವ್ಯವಸ್ಥಿತ ಆಹೇ.” ಇಲ್ಲ, ಎಲ್ಲ ಸರಿಯಾಗಿದೆ ಎಂದೆ. ನನ್ನ ಮರಾಠಿ ಅವತ್ತು ಎಂದಿಗಿಂತ ಸ್ವಚ್ಛವಾಗಿ ಬಂತು.

ಮ್ಯಾಡಂ ಪರದೆ ಆರಿಸಿದರು.

ಹೊರಗೆ ಗೇಟಿನ ಹತ್ತಿರ ಕಾಕಾ ಅವರನ್ನು ಅಡ್ಡಗಟ್ಟಿದರು. ಮುಖದ ತುಂಬ ಹಿಗ್ಗು. “ನೋಡಿದ್ಯಾ ತಂಗಿ? ಒಬ್ಬಾಂವಾ ಕಡಿಮಿ ಹಾಕಿಲ್ಲ. ಎಲ್ಲಾರಿಗೂ ನಾನ ಹೇಳಿದ್ದೆ. ನಿನ್ನ ಹೆಸರಿಗೆ ಮಸಿ ಹತ್ತಬಾರದು ಅಂತ.”

ನಾನು ಹಿಂದೆಯೇ ನಿಂತಿದ್ದೆ. ಈಗ ಸಿಡಿದಾರು, ಇಲ್ಲವೇ ಅತ್ತಾರು ಎಂದುಕೊಂಡೆ. ಅವರು ಒಂದು ಗಳಿಗೆ ಕಾಕಾನ ಹೊಸ ಟೋಪಿಯನ್ನೇ ನೋಡಿದರು.

“ಹೌದ್ರಿ ಕಾಕಾ. ಭಾಳ ಉಪಕಾರ ಆತು,” ಅಂದರು. “ಇಷ್ಟ ಮಂದಿ ನನ್ನ ಸಲುವಾಗಿ ವಿಚಾರ ಮಾಡ್ತೀರಿ ಅಂತ ನನಗ ಗೊತ್ತಿರಲಿಲ್ಲ.”

“ನೀ ನಮ್ಮ ಮನಿ ಮಗಳು ಇದ್ದಂಗ,” ಅಂದರು ಕಾಕಾ.

ನನ್ನ ಹತ್ತಿರ ಅವರು ಆ ಸಭೆಯ ಮಾತನ್ನೇ ಎತ್ತಲಿಲ್ಲ. “ಮಧ್ಯಾಹ್ನ ಆತಲ್ರಿ, ನಿಮ್ಮ ಊಟ?” ಅಂದರು. ಮನೆಗೆ ಹೋಗಿ ಮಾಡುತ್ತೇನೆ ಅಂದೆ. “ಹಂಗಾದ್ರ ಲಗೂ ಹೋಗ್ರಿ,” ಅಂದು ಸ್ಕೂಟಿಯ ಕಡೆ ನಡೆದರು. ಅವರು ಬೈದಿದ್ದರೆ ನಾನೂ ಏನಾದರೂ ಎದುರು ಮಾತಾಡಿ ಹಗುರಾಗುತ್ತಿದ್ದೆ. ಅದಕ್ಕೂ ಎಡೆ ಕೊಡಲಿಲ್ಲ.

ಅವರ ವಿಭಾಗ ಮುಚ್ಚಿತು. ಅವರಿಗೆ ಕ್ಯಾಂಟೀನು ಮತ್ತು ಕಾರ್ಮಿಕರ ಬಸ್ಸುಗಳ ಉಸ್ತುವಾರಿ ಕೊಟ್ಟರು. ಕೆಲವು ತಿಂಗಳು ಅದನ್ನೂ ಮಾಡಿ, ಒಂದು ದಿನ ರಾಜೀನಾಮೆ ಕೊಟ್ಟು ಹೋದರು. ಆ್ಯಪಿನಲ್ಲಿ ನಾವು ಕಂಪನಿಗೆ ಅಂಕ ಕೊಡುವ ಭಾಗ ತೆಗೆದರು. ಡ್ರಾಯಿಂಗ್ ಬರುವ ಭಾಗವೂ ಹೋಯಿತು. ಕಂಪನಿ ನಮಗೆ ಅಂಕ ಕೊಡುವ ಭಾಗ ಮಾತ್ರ ಇದೆ. ಅದು ಬಹಳ ಚೆನ್ನಾಗಿ ನಡೆಯುತ್ತದೆ. ಮಾಲು ಗೇಟಿನಿಂದ ಹಿಂದೆ ತಿರುಗುವ ಮೊದಲೇ ನನ್ನ ಫೋನಿಗೆ ಸೂಚನೆ ಬಂದಿರುತ್ತದೆ.

ಕಾಕಾಗೆ ಇವತ್ತಿಗೂ ಇದು ಬಗೆಹರಿಯದ ಮಾತು. ಸಿಕ್ಕಾಗಲೆಲ್ಲ ಕೇಳುತ್ತಾರೆ. “ಅಲ್ಲೋ, ನಾವೇನ್ ಕಡಿಮಿ ಹಾಕಿದ್ವೇನು? ಐದಕ ಐದ ಬಿದ್ದಿದ್ವು. ಮತ್ತ ಅಕಿನ್ನ ಯಾಕ ತಗದ್ರು? ನೀ ಕಲತಾಂವ ಇದ್ದಿ, ನಿನಗರೆ ತಿಳೀತೈತೇನು?”

“ದೊಡ್ಡ ಕಂಪನಿ ಕಾರಭಾರ, ಕಾಕಾ. ನಮಗೇನ್ ತಿಳೀತೈತಿ,” ಅನ್ನುತ್ತೇನೆ.

ಅವರಿಗೆ ನಿಜ ಹೇಳಿದರೆ ಮುದುಕರ ಮನಸ್ಸು ಒಡೆಯುತ್ತದೆ, ಅದಕ್ಕೇ ಹೇಳುವುದಿಲ್ಲ ಎಂದು ಹೆಂಡತಿಯ ಮುಂದೆ ಒಮ್ಮೆ ಅಂದೆ. ಅವಳು ಒಗ್ಗರಣೆ ಕೊಡುತ್ತಿದ್ದಳು. “ಕಾಕಾನ ಮನಸಾ, ನಿಮ್ಮದಾ?” ಅಂದಳು. ಮ್ಯಾಡಂ ಗೇಟಿನಲ್ಲಿ ಕಾಕಾನನ್ನು ಉಳಿಸಿದ್ದು ಬೇರೆ, ನಾನು ಉಳಿಸುತ್ತಿರುವುದು ಬೇರೆ ಎಂಬುದು ಅವಳಿಗೆ ಹೇಳದೆಯೇ ಗೊತ್ತಾಗಿತ್ತು.

ಹೋದ ಫೆಬ್ರವರಿಯಲ್ಲಿ ಅವರನ್ನು ಮತ್ತೆ ಕಂಡೆ. ವಿಶ್ರಾಮಬಾಗದ ರಸ್ತೆಯಲ್ಲಿ, ದ್ರಾಕ್ಷಿಯ ಗಾಡಿಯ ಮುಂದೆ. ಕೂದಲು ನೆರೆತಿದೆ, ಕನ್ನಡಕ ಬಂದಿದೆ. ನಾನು ಬೈಕು ಹಾಗೇ ಮುಂದೆ ಒಯ್ಯಬೇಕೆಂದಿದ್ದೆ. ಅವರೇ ಕೈ ಮಾಡಿದರು. ಈಗ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾರಂತೆ. ನನ್ನ ಹೆಂಡತಿ, ಮಕ್ಕಳು, ಹೊಸ ಮಷೀನು, ಎಲ್ಲ ಹೆಸರು ಹಿಡಿದು ಕೇಳಿದರು. ನಾನು ಎಲ್ಲಕ್ಕೂ ಚೆನ್ನಾಗಿದೆ ಅನ್ನುತ್ತಿದ್ದೆ. ಅದೇ ಓಟದಲ್ಲಿದ್ದಾಗ ಅವರು ಕೇಳಿಬಿಟ್ಟರು:

“ಡ್ರಾಯಿಂಗ್ ಈಗರೆ ವ್ಯಾಳ್ಯಾಕ್ಕ ಬರ್ತಾವೇನ್ರಿ?”

ಅವತ್ತು ಬೆಳಗ್ಗೆಯೇ ನನ್ನ ಒಂದು ಟೆಂಪೋ ಮಾಲು ವಾಪಸ್ ಬಂದು ಶೆಡ್ಡಿನಲ್ಲಿ ಬಿದ್ದಿತ್ತು.

“ಬರ್ತಾವ್ರಿ,” ಅಂದೆ. “ಈಗ ಎಲ್ಲಾ ಬರೋಬರಿ ಆಗೇತಿ. ನೀವು ಹೇಳಿದಂಗನ ನಿಯಮ ಮಾಡ್ಯಾರ.”

ಯಾಕೆ ಹಾಗೆಂದೆನೋ ತಿಳಿಯದು. ಅವರಿಗೆ ಸಮಾಧಾನವಾಗಲಿ ಎಂದಿರಬಹುದು. ಅವರಿಗೆ ಸಮಾಧಾನವಾದರೆ ನನಗೆ ಹಗುರಾದೀತು ಎಂದಿರಬಹುದು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಮುಖವೇ ಬೇರೆಯಾಯಿತು. ಇಷ್ಟು ವರ್ಷ ಹೊತ್ತದ್ದನ್ನು ರಸ್ತೆಯಲ್ಲೇ ಇಳಿಸಿದವರಂತೆ ಉಸಿರು ಬಿಟ್ಟರು.

“ಮಾಡಿದ್ರಾ? ಚೊಲೋ ಆತು ಬಿಡ್ರಿ. ನಾ ಸುಮ್ಮನ ಮನಸಿಗೆ ಹಚ್ಕೊಂಡ ಕುಂತಿದ್ದೆ.” ದ್ರಾಕ್ಷಿಯವನಿಗೆ ದುಡ್ಡು ಕೊಟ್ಟರು. ಕೊಡುತ್ತ ಏನೋ ಹೊಳೆದಂತೆ ತಿರುಗಿದರು. “ಆದ್ರ ಅವರು ತಾವಾಗಿ ಹಂಗ ಮಾಡಾವರಲ್ಲ. ಯಾರರೆ ಎದ್ದು ಹೇಳಿರಬೇಕಲ್ರಿ. ಯಾರ ಹೇಳಿದ್ರು?”

ಕಾಕಾ ಎಂದು ಹೇಳಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ನನ್ನ ತಲೆ ತಾನಾಗಿ ಆಡಿತು. ಬಾಯಿ ಅದರ ಹಿಂದೆ ಹೋಯಿತು.

“ನಾನ ಹೇಳಿದ್ನಿರಿ.”

ಅವರು ನನ್ನನ್ನು ನೋಡಿದರು. ಆ ಸಭೆಯಲ್ಲಿ ನೋಡಿದ ಹಾಗೇ ನೋಡಿದರು, ಆದರೆ ಈ ಸಲ ಉತ್ತರ ಬಂದಿತ್ತು.

“ನನಗ ಗೊತ್ತಿತ್ತು,” ಅಂದರು. “ಅವತ್ತ ಅಲ್ಲದಿದ್ರ ಮುಂದ ಒಂದ ದಿನಾ ನೀವ ಹೇಳ್ತೀರಿ ಅಂತ ನಮ್ಮ ಅಣ್ಣಗ ಹೇಳಿದ್ದೆ.”

ತಮಗೆಂದು ಕೊಂಡ ದ್ರಾಕ್ಷಿಯಲ್ಲಿ ದೊಡ್ಡ ಗೊಂಚಲೊಂದನ್ನು ಆರಿಸಿ, ಮಕ್ಕಳಿಗೆ ಕೊಡಿರೆಂದು ನನ್ನ ಕೈಗೆ ಇಟ್ಟರು. ನಾನು ಎರಡೂ ಕೈಯೊಡ್ಡಿ ತೆಗೆದುಕೊಂಡೆ.